ಗಂಧರಾಜದ ಹಸಿರು ಹುಳುವನ್ನು ಪತಂಗವಾಗಿಸುವುದು ಹೇಗೆ?

ಹಾಡಹಗಲಲ್ಲೇ ಹೂವಿನ ಮುಂದೆ ದುಂಬಿಯಂತೆ ಗುಂಯ್‌ಗುಡುತ್ತ ನಿಲ್ಲುವ, ಗಾಜಿನಂಥ ರೆಕ್ಕೆಯ ಪತಂಗವೊಂದಿದೆ. 1771ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ದಾಖಲಿಸಿದ ಇದರ ಶಾಸ್ತ್ರೀಯ ಹೆಸರು ಸೆಫೊನೋಡಿಸ್ ಹೈಲಾಸ್. ಕುರುಚಲು ಕಾಡಿನ ಕಾರೆ, ಬಿಕ್ಕೆ ಗಿಡಗಳು ಇದರ ಮರಿಗಳಿಗೆ ಆಹಾರ. ಊರೊಳಗೆ ಅದೇ ಕಾಫಿ ಕುಟುಂಬದ ಗಂಧರಾಜ. ಇಂಥ ಕಾಡಿರುವ ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿಧಾಮವಾದ್ದರಿಂದ ಅಲ್ಲಿಂದ ಹುಳು ತರಬಾರದು; ಅಂಗಳದ ಗಿಡದಲ್ಲಿ ಸಿಕ್ಕಿದ್ದೇ ಸಾಕು.

ಬಾಲದ ತುದಿಯಲ್ಲಿ ಕೊಂಬಿರುವ, ಮೈಮೇಲೆ ರೋಮವಿಲ್ಲದ ಹುಳುವನ್ನು ಕೊಂಬೆಯ ಸಮೇತ ಕತ್ತರಿಸಿ ತಂದು ಡಬ್ಬಿಯಲ್ಲಿಟ್ಟು, ದಿನವೂ ಹೊಸ ಎಲೆ ಕೊಡಿ. ಹೂವಿನ ಹೋಲಿಕೆಗೆ ಮರುಳಾಗಿ ನಂದಿಬಟ್ಟಲಿನ ಎಲೆ ಹಾಕುವವರಿದ್ದಾರೆ. ಹಾಲು ಸೋರುವ ಆ ಗಿಡ ಬೇರೆ ಕುಟುಂಬದ್ದು, ಇದು ಅದನ್ನು ತಿನ್ನದು. ನರ್ಸರಿಯಿಂದ ಆಗಷ್ಟೇ ತಂದ ಗಿಡದ ಎಲೆಯೂ ಬೇಡ, ಕೀಟನಾಶಕ ಹೊಡೆದಿರುತ್ತಾರೆ.

ಹೆಚ್ಚಿನವರು ಕೆಡಿಸುವುದು ಮುಂದಿನ ಹಂತವನ್ನು. ಹುಳು ಮೇಯುವುದನ್ನು ಬಿಟ್ಟು, ಬಣ್ಣ ಮಾಸಿ, ಡಬ್ಬಿಯ ತಳದಲ್ಲಿ ಗೊತ್ತುಗುರಿಯಿಲ್ಲದೆ ಸುತ್ತತೊಡಗಿದರೆ ಅದು ಕಾಯಿಲೆಯಲ್ಲ, ಕೋಶ ಕಟ್ಟಲು ಜಾಗ ಹುಡುಕುತ್ತಿದೆ ಎಂದರ್ಥ. ಆಗ ನಾಲ್ಕು ಬೆರಳು ದಪ್ಪಕ್ಕೆ ಮರಳು ಬೆರೆಸಿದ ಕೆಂಪು ಮಣ್ಣು ಹರಡಿ, ಮೇಲೆ ಒಣ ತರಗೆಲೆ ಹಾಕಬೇಕು. ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್ ಸುಲಭವೆಂದು ಕೆಲವರು ಹೇಳುತ್ತಾರಾದರೂ ನಾನು ಒಪ್ಪುವುದಿಲ್ಲ. ಅದು ತೇವ ಹಿಡಿದಿಟ್ಟುಕೊಂಡು ಬೂಸು ಬರಿಸುತ್ತದೆ. ಹುಳು ಮರೆಯಾದ ಮೇಲೆ ಮಣ್ಣನ್ನು ಕೆದಕಿ ನೋಡಲೇಬಾರದು, ಏಕೆಂದರೆ ಆಗಷ್ಟೇ ಪೊರೆ ಕಳಚಿದ ಕೋಶ ಮೆತ್ತಗಿದ್ದು, ಬೆರಳು ತಾಗಿದರೂ ಗಾಯಗೊಳ್ಳುತ್ತದೆ. ಮಣ್ಣು ಪೂರ್ತಿ ಒಣಗದಂತೆ ಆಗಾಗ ಅಂಚಿನಲ್ಲಿ ಮಾತ್ರ ನೀರು ಚಿಮುಕಿಸಿ.

ಜೊತೆಗೆ ಒರಟು ತೊಗಟೆಯ ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ, ಡಬ್ಬಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ. ಹೊರಬಂದ ಪತಂಗ ಮೇಲೇರಿ ಜೋತುಬಿದ್ದರೆ ಮಾತ್ರ ಮುದುಡಿದ ರೆಕ್ಕೆ ಬಿಡಿಸಿಕೊಳ್ಳಬಲ್ಲದು; ನುಣುಪಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದು ಜಾರಿ ಬಿದ್ದು, ರೆಕ್ಕೆ ಸೊಟ್ಟಗೇ ಗಟ್ಟಿಯಾಗುತ್ತದೆ. ಹೊಸ ರೆಕ್ಕೆಯ ಮೇಲಿನ ಬೂದುಬಣ್ಣದ ಪುಡಿಯನ್ನು ಬೂಸೆಂದು ಭಾವಿಸಿ ಒರೆಸಬೇಡಿ. ಅವು ರೆಕ್ಕೆಯನ್ನು ಹೊದ್ದಿರುವ ಸಣ್ಣ ಹುರುಪೆಗಳು, ಮೊದಲ ಹಾರಾಟದಲ್ಲಿ ತಾವಾಗಿಯೇ ಉದುರಿ ರೆಕ್ಕೆ ಪಾರದರ್ಶಕವಾಗುತ್ತದೆ.

ಹತ್ತಿಯಲ್ಲಿ ಸಕ್ಕರೆ ನೀರು ಇಟ್ಟು ಸಾಕುವ ಆಸೆ ಬೇಡ. ಹಾರುತ್ತಲೇ ಮಕರಂದ ಹೀರುವ ಜೀವವಿದು. ರೆಕ್ಕೆ ಗಟ್ಟಿಯಾದ ಬಳಿಕ ಬಿಸಿಲಿರುವಾಗ ಹೂಗಿಡದ ಬಳಿ ಬಟ್ಟೆ ಬಿಚ್ಚಿಬಿಡಿ.