ಮಳೆ ಬಂದ ದಿನ ಮಾತ್ರ ಟಿಕ್‌ಟಿಕ್ ಅನ್ನುವ ಕಾರು

ನಮ್ಮದು 1997ರ ಮಾರುತಿ 800. ಕಾರ್ಬುರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಿಂದ ಪೇಟೆಗೆ ಹೋಗಿ ಬರುವುದು, ವರ್ಷಕ್ಕೆ ಎರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ. ಅಷ್ಟೇ ಅದರ ಓಡಾಟ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಶುರುವಾಯಿತು. ಥೇಟ್ ಹೊಲಿಗೆ ಮಷಿನ್. ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ ಸದ್ದೇ ಇಲ್ಲ! ಅಲ್ಲಿಯವರು ಸದ್ದು ಕೇಳದೆಯೇ ತೀರ್ಪು ಕೊಟ್ಟರು: "ಟ್ಯಾಪೆಟ್ ಸರ್, ಹೆಡ್ ಬಿಚ್ಚಬೇಕು." ಟ್ಯಾಪೆಟ್ ಅಂದರೆ ಗಾಳಿ, ಹೊಗೆಗೆ ದಾರಿ ಬಿಡುವ ವಾಲ್ವುಗಳನ್ನು ಒತ್ತಿ ತೆರೆಯುವ ಭಾಗ. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಕೂತ ಎಂಜಿನ್ನಿನ ಮೇಲ್ಭಾಗ. ನಾನು ಸುಮ್ನೆ ಕಾರು ತಿರುಗಿಸಿಕೊಂಡು ಬಂದೆ.

ಬಂದು ಹೋಗುವ ಸದ್ದಿಗೆ ಮೊದಲು ಬೇಕಾದ್ದು ಸ್ಪ್ಯಾನರ್ ಅಲ್ಲ, ಪೆನ್ನು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಲು ಶುರು ಮಾಡಿದೆ. ಎಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ನಿಂತಾಗಲೂ ಇತ್ತಾ? ರೇಸ್ ಕೊಟ್ಟರೆ ಸದ್ದಿನ ವೇಗವೂ ಏರಿತಾ? ಹೊರಗೆ ಮಳೆಯಾ, ಬಿಸಿಲಾ?

ನಿಂತಾಗ ಇಲ್ಲದ, ಕಾರು ಓಡಿದರೆ ಮಾತ್ರ ಬರುವ ಸದ್ದಾದರೆ ಮೊದಲು ಟೈರ್ ನೋಡಿ. ಹಲ್ಲಿನ ನಡುವೆ ಜಲ್ಲಿಕಲ್ಲು ಸಿಕ್ಕಿರುತ್ತದೆ. ನಗಬೇಡಿ, ನನಗೇ ಆಗಿದೆ. ಎಂಜಿನ್ನಿನದೇ ಅಂತ ಗೊತ್ತಾದರೆ ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಡಿಮೆ ಇದ್ದರೆ ಅದನ್ನು ತುಂಬಿಸದೆ ಬೇರೆ ಏನೂ ಹುಡುಕಬೇಡಿ. ಟಿಕ್ ಹೋಗಿ ದಪ್ಪಗೆ ಟಕ್ ಟಕ್ ಅನ್ನುತ್ತಾ, ಆಯಿಲ್ ದೀಪವೂ ಹತ್ತಿದರೆ ಕಾರು ಅಲ್ಲೇ ನಿಲ್ಲಬೇಕು. ಮನೆವರೆಗೆ ಓಡಿಸೋಣ ಅನ್ನಬೇಡಿ.

ಎಂಜಿನ್ ತಣ್ಣಗಿದ್ದಾಗ ಜೋರಾಗಿದ್ದ ಸದ್ದು ಬಿಸಿಯಾದಂತೆ ಅಡಗಿದರೆ, ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನನ್ನ ಅನುಮಾನ. ಕಬ್ಬಿಣ ಕಾದು ಹಿಗ್ಗಿದಾಗ ಸೋರುವ ಸಂದು ಮುಚ್ಚಿಕೊಳ್ಳುತ್ತದೆ. ಸಂದು ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಕಂಡರೆ ಅದೇ. ಆ ಹೊಗೆ ವಿಷ, ಆದ್ದರಿಂದ ಶೆಡ್ಡಿನ ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ. ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ ಲೂಸಾದರೂ ಹೀಗೇ ಚುಸ್ ಚುಸ್ ಅನ್ನುವುದುಂಟು.

ನನ್ನ ಪುಸ್ತಕದಲ್ಲಿ ಎರಡು ವಾರಕ್ಕೆ ಒಂದು ವಿಷಯ ಎದ್ದು ಕಂಡಿತು. ಸದ್ದು ಬಂದ ದಿನಗಳೆಲ್ಲ ಮಳೆಯ ಬೆಳಿಗ್ಗೆಗಳು. ಟ್ಯಾಪೆಟ್ಟಿಗೆ ಹೊರಗಿನ ಮಳೆ ಏನು ಮಾಡುತ್ತದೆ?

ಮರದ ಹಿಡಿಯ ಉದ್ದ ಸ್ಕ್ರೂ ಡ್ರೈವರ್ ತಗೊಂಡೆ. ಎಂಜಿನ್ ಆನ್ ಇಟ್ಟು, ತುದಿಯನ್ನು ಹೆಡ್ಡಿನ ಮೇಲಿನ ಮುಚ್ಚಳದ, ಅಂದರೆ ವಾಲ್ವ್ ಕವರಿನ, ಬೋಲ್ಟಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಹಚ್ಚಿದೆ. ಹೀಗೆ ಮಾಡುವಾಗ ಪಂಚೆ, ಟವೆಲ್ ಯಾವುದೂ ಫ್ಯಾನು, ಬೆಲ್ಟಿನ ಹತ್ತಿರ ಸುಳಿಯಬಾರದು. ಪ್ಲಗ್ ವೈರುಗಳ ಕಡೆಗೆ ಕಬ್ಬಿಣ ತಗೊಂಡು ಹೋಗಲೇಬಾರದು. ವಾಲ್ವ್ ಕವರ್, ಪೆಟ್ರೋಲ್ ಪಂಪ್, ಆಲ್ಟರ್ನೇಟರ್ ಬ್ರಾಕೆಟ್, ಎಲ್ಲ ಕಡೆ ಕೇಳಿದೆ. ಎಲ್ಲಿಯೂ ಆ ಟಿಕ್ ಜೋರಾಗಲಿಲ್ಲ. ಅಂದರೆ ಸದ್ದು ಲೋಹದ ಒಳಗಿಲ್ಲ, ಹೊರಗೆ ಗಾಳಿಯಲ್ಲಿದೆ!

ಆಮೇಲೆ ಗಿಡಕ್ಕೆ ನೀರು ಬಿಡುವ ಹಳೇ ರಬ್ಬರ್ ಪೈಪ್ ಮೂರು ಅಡಿ ಕತ್ತರಿಸಿ, ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ನಿಧಾನವಾಗಿ ಆಡಿಸಿದೆ. ನಡುವಿನ ಸಿಲಿಂಡರಿನ ಪ್ಲಗ್ ವೈರ್ ಹತ್ತಿರ ಬಂದಾಗ ಚಟ್ ಚಟ್ ಅಂತ ಕಿವಿಗೆ ಹೊಡೆಯಿತು.

ಆ ರಾತ್ರಿ ಶೆಡ್ಡಿನ ದೀಪ ಆರಿಸಿ, ವೈರುಗಳ ಮೇಲೆ ಇಸ್ತ್ರಿ ಬಾಟಲಿಯಿಂದ ನೀರು ತೆಳುವಾಗಿ ಚಿಮುಕಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಕೈ ಹಿಂದಕ್ಕೆ ಕಟ್ಟಿ ನಿಂತು ನೋಡಿದೆ. ವೈರಿನಿಂದ ಎಂಜಿನ್ ಮೈಗೆ ನೀಲಿ ಕಿಡಿ ಹಾರುತ್ತಿತ್ತು. ಅಕ್ಕಿಕಾಳಿಗಿಂತ ದೊಡ್ಡದಿಲ್ಲ. ವೈರು ಹಿಡಿದಿಡುವ ಕ್ಲಿಪ್ಪಿಗೆ ಉಜ್ಜಿ ಉಜ್ಜಿ ಅಲ್ಲಿ ರಬ್ಬರ್ ಬಿರುಕು ಬಿಟ್ಟಿತ್ತು. ಒಣಗಿದಾಗ ಕರೆಂಟು ಪ್ಲಗ್ಗಿಗೆ ಹೋಗುತ್ತದೆ, ಒದ್ದೆಯಾದಾಗ ಅಡ್ಡದಾರಿ ಹಿಡಿಯುತ್ತದೆ. ಆಗ ಎಂಜಿನ್ ತಾಳ ತಪ್ಪಿ ಸಣ್ಣಗೆ ಮಿಸ್ಸಿಂಗ್ ಕೂಡ ಹೊಡೆಯುತ್ತಿತ್ತು. ಅದನ್ನು ನಾನು ಪೆಟ್ರೋಲಿಗೆ ನೀರು ಸೇರಿದೆ ಅಂದುಕೊಂಡಿದ್ದೆ.

ಕಿವಿ ಮೋಸ ಹೋಗಿದ್ದಕ್ಕೂ ಕಾರಣ ಇದೆ. ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಪ್ಲಗ್ ಒಂದು ಸಲ ಕಿಡಿ ಹಾರಿಸುತ್ತದೆ. ಒಂದು ವಾಲ್ವ್ ಕೂಡ ಒಂದೇ ಸಲ ತೆರೆಯುತ್ತದೆ. ನಿಮಿಷಕ್ಕೆ 900 ಸುತ್ತು ಅಂದರೆ ಎರಡರದ್ದೂ 450 ಟಿಕ್. ತಾಳ ಒಂದೇ, ವಾದ್ಯ ಬೇರೆ.

ಹಾಗಂತ ಟ್ಯಾಪೆಟ್ ಸದ್ದು ಬರುವುದೇ ಇಲ್ಲ ಅಂತಲ್ಲ. ಬಂದರೆ ಸ್ಕ್ರೂ ಡ್ರೈವರಿಗೆ ವಾಲ್ವ್ ಕವರಿನ ಮೇಲೆ ಸ್ಪಷ್ಟವಾಗಿ ಸಿಗುತ್ತದೆ. ಈ ಎಂಜಿನ್ನಿನಲ್ಲಿ ಅದನ್ನು ಸರಿಮಾಡಲು ಹೆಡ್ ಬಿಚ್ಚುವುದು ಬೇಡ. ಕವರ್ ತೆಗೆದು, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ಇಟ್ಟು, ವಾಲ್ವ್ ಒತ್ತುವ ರಾಕರಿನ ಸ್ಕ್ರೂ ತಿರುಗಿಸಿದರೆ ಸಾಕು. ರಾಕರಿಗೂ ವಾಲ್ವಿಗೂ ನಡುವೆ ಗ್ಯಾಪ್ ಎಷ್ಟು ಅಂತ ಮ್ಯಾನ್ಯುಯಲ್ ನೋಡಿಯೇ ಇಡಿ. ಸದ್ದು ಪೂರ್ತಿ ಹೋಗಲಿ ಅಂತ ಬಿಗಿ ಮಾಡಿಸುವವರಿದ್ದಾರೆ. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ.

ನಾನು ಒಂದೇ ವೈರ್ ಬದಲಿಸದೆ ಇಡೀ ಸೆಟ್ ಹಾಕಿದೆ. ಉಳಿದವೂ ಅದೇ ವಯಸ್ಸಿನವಲ್ವಾ? ಎಂಜಿನ್ ಆಫ್ ಮಾಡಿ, ಒಂದು ತೆಗೆದು ಒಂದು ಹಾಕಿ, ಯಾವ ವೈರು ಯಾವ ಪ್ಲಗ್ಗಿಗೆ ಅನ್ನುವ ಆರ್ಡರ್ ತಪ್ಪುವುದಿಲ್ಲ. ಹೊಸ ವೈರು ಉಜ್ಜದ ಹಾಗೆ ಕ್ಲಿಪ್ ಸ್ವಲ್ಪ ಬಗ್ಗಿಸಿದೆ. ರಾತ್ರಿ ಮತ್ತೆ ದೀಪ ಆರಿಸಿ ನೀರು ಚಿಮುಕಿಸಿದರೆ ಕಿಡಿಯೂ ಇಲ್ಲ, ಚಟ್ ಚಟ್ಟೂ ಇಲ್ಲ. ಹಿಂದಿನಿಂದ ಸಣ್ಣಗೆ ಟ್ಯಾಪೆಟ್ ಮಾತ್ರ ಕೇಳಿಸುತ್ತಿತ್ತು. ಅದನ್ನು ಮುಟ್ಟಲಿಲ್ಲ.