ಅಮ್ಮನ ಮೊಣಕಾಲಿಗೆ ಹೊಂದಿಸಿಕೊಂಡ ಪ್ರಾಗ್ ಪ್ರವಾಸ: ನನ್ನ ಅನುಭವ

ಮೈಸೂರಿನಿಂದ ಅಮ್ಮ ಮ್ಯೂನಿಕ್‌ಗೆ ಬಂದು ನನ್ನೊಡನಿದ್ದಾಗ, ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ ಅವರಿಗೆ ಪ್ರಾಗ್ ತೋರಿಸಬೇಕೆಂದುಕೊಂಡೆ. ಅವರ ಷೆಂಗೆನ್ ವೀಸಾ ಜೆಕ್ ದೇಶಕ್ಕೂ ಸಲ್ಲುತ್ತಿತ್ತು. ನೇರ ರೈಲಿನಲ್ಲಿ ಸುಮಾರು ಆರು ಗಂಟೆಯ ಪಯಣ. ಚಿಂತೆಯಿದ್ದದ್ದು ಅವರ ಮೊಣಕಾಲಿನದು. ಅಲ್ಲಿನ ಹಳೆಯ ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಕೋಟೆಯಿರುವುದು ಗುಡ್ಡದ ಮೇಲೆ. ಆದ್ದರಿಂದ ಏನೇನು ನೋಡಬೇಕೆಂದು ಬರೆದುಕೊಳ್ಳುವ ಮೊದಲೇ, ಎಲ್ಲಿ ಏರಿದೆ, ಎಲ್ಲಿ ಇಳಿಜಾರಿದೆ, ಎಲ್ಲಿ ಕೂರಬಹುದು ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡೆ.

ಮೊದಲು ಶನಿವಾರಕ್ಕೆ ಯಹೂದಿಗಳ ಹಳೆಯ ಕೇರಿಯಾದ ಯೋಸೆಫೋವ್, ಭಾನುವಾರ ಬೆಳಿಗ್ಗೆಗೆ ಕೋಟೆಯೊಳಗಿನ ಸಂತ ವಿಟಸ್ ಕೆಥೆಡ್ರಲ್ ಎಂದು ಬರೆದಿದ್ದೆ. ಎರಡೂ ತಪ್ಪಾಗಿದ್ದವು. ಯೋಸೆಫೋವ್‌ನ ಯಹೂದಿ ಮ್ಯೂಸಿಯಂ ಶನಿವಾರ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ನಡೆಯುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದವರೆಗೆ ಪ್ರವೇಶವಿಲ್ಲ. ದಿನಗಳನ್ನು ಅದಲುಬದಲು ಮಾಡಿದೆ.

ಶುಕ್ರವಾರ ಸಂಜೆ ತಲುಪಿದ ಕೂಡಲೇ, ‘ಕಮಿಷನ್ ಇಲ್ಲ’ ಎಂಬ ಫಲಕ ನೋಡಿ ಒಂದು ಅಂಗಡಿಯಲ್ಲಿ ಯೂರೋ ಕೊಟ್ಟು ಜೆಕ್ ಹಣವಾದ ಕೊರುನಾ ಪಡೆದೆ; ಎಣಿಸಿದಾಗ ದರ ತೀರಾ ಕಡಿಮೆಯೆಂದು ತಿಳಿಯಿತು. 1,000 ಯೂರೋವರೆಗಿನ ಇಂಥ ವಿನಿಮಯವನ್ನು 3 ಗಂಟೆಯೊಳಗೆ ರದ್ದುಪಡಿಸುವ ಹಕ್ಕನ್ನು 2019ರ ಕಾನೂನು ಕೊಟ್ಟಿದೆಯೆಂದು ಮೊದಲೇ ಓದಿಕೊಂಡಿದ್ದರಿಂದ, ರಸೀದಿ ಹಿಡಿದು ಹೋಗಿ ಹಣ ವಾಪಸು ಪಡೆದೆ. ರಸೀದಿಯನ್ನು ಎಸೆಯಬೇಡಿ.

ಶನಿವಾರದ್ದೇ ನನ್ನ ಯೋಜನೆಯ ಮುಖ್ಯ ಭಾಗ. ಕೋಣೆಯನ್ನು ನಾರೊದ್ನಿ ತ್ರೀಡಾ ಎಂಬ ಬೀದಿಯ ಬಳಿ ಹಿಡಿದದ್ದೇ, ಕೋಟೆಯ ಗುಡ್ಡ ಹತ್ತುವ 22ನೆಯ ನಂಬರಿನ ಟ್ರಾಮ್ ಅಲ್ಲಿಂದ ಹಾದುಹೋಗುತ್ತದೆಂಬ ಕಾರಣಕ್ಕೆ. ಟಿಕೆಟನ್ನು ಹಳದಿ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಂಡೆವು. ಆ ಮುದ್ರೆಯಿಲ್ಲದಿದ್ದರೆ ಟಿಕೆಟ್ ಇದ್ದರೂ ದಂಡ ತಪ್ಪದು. ಹೆಚ್ಚಿನವರು ಕೋಟೆಯ ನಿಲ್ದಾಣದಲ್ಲೇ ಇಳಿಯುತ್ತಾರೆ. ನಾವು ಇನ್ನೂ ಮೇಲಿನ ಪೊಹೊರ್ಜೆಲೆತ್ಸ್‌ನಲ್ಲಿ ಇಳಿದು, ಅಲ್ಲಿಂದ ಕೋಟೆಯ ಕಡೆಗೆ ಇಳಿಜಾರಿನಲ್ಲೇ ನಡೆದುಬಂದೆವು. 1344ರಲ್ಲಿ ಶುರುವಾಗಿ 1929ರಲ್ಲಿ ಪೂರ್ಣಗೊಂಡ ಆ ಕೆಥೆಡ್ರಲ್‌ನೊಳಗೆ, ಜೆಕ್ ಚಿತ್ರಕಾರ ಆಲ್ಫೋನ್ಸ್ ಮುಖಾ ರೂಪಿಸಿದ ಬಣ್ಣದ ಗಾಜಿನ ಕಿಟಕಿಯನ್ನು ನೋಡುತ್ತ ಅಮ್ಮ ಅರ್ಧ ಗಂಟೆ ಕುಳಿತಿದ್ದರು. ಎದುರು ಬದಿಯ ಕಿಟಕಿಗಳಿಂದ ಬಿದ್ದ ನೀಲಿ ಬೆಳಕು ಅವರ ಸೀರೆಯ ಅಂಚಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆಯೇ ಕಲಸಿ ತಂದಿದ್ದ ಪುಳಿಯೋಗರೆಯಿತ್ತು.

ಭಾನುವಾರ ಸೂರ್ಯೋದಯದ ಹೊತ್ತಿಗೆ, ದೊರೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಕಟ್ಟಿಸತೊಡಗಿದ ಚಾರ್ಲ್ಸ್ ಸೇತುವೆಯ ಮೇಲಿದ್ದೆವು. ಹತ್ತು ಗಂಟೆಯ ನಂತರ ಅಲ್ಲಿ ನೂಕುನುಗ್ಗಲು. ಅಷ್ಟು ಬೇಗ ಹೋದದ್ದರಿಂದಲೇ ಪ್ರತಿ ವಿಗ್ರಹದ ಮುಂದೆ ನಿಲ್ಲಲು ಸಾಧ್ಯವಾಯಿತು. ಅಲ್ಲಿಂದ ನಿಧಾನವಾಗಿ ಯೋಸೆಫೋವ್‌ಗೆ ನಡೆದೆವು.

ಅಲ್ಲಿನ ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ, ನಾಜಿಗಳಿಂದ ಹತರಾದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 80,000 ಯಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಕುಲನಾಮ ಒಂದೇ ಸಲ, ಅದರ ಮುಂದೆ ಸಾಲಾಗಿ ಹೆಸರುಗಳು, ತಾರೀಖುಗಳು. ಅಮ್ಮ ಒಂದು ಸಾಲಿನ ಹತ್ತಿರ ನಿಂತು, “ಇವರೆಲ್ಲ ಒಂದೇ ಮನೆಯವರೇನೇ?” ಎಂದು ಕೇಳಿದರು. ಮಧ್ಯಾಹ್ನಕ್ಕೆಂದು ಬರೆದಿಟ್ಟಿದ್ದ ಪೆಟ್ರಿನ್ ಗುಡ್ಡದ ವೀಕ್ಷಣಾ ಗೋಪುರವನ್ನು ಕೈಬಿಟ್ಟೆ. ರೈಲಿನ ಹೊತ್ತಾಗುವವರೆಗೆ ವ್ಲ್ತಾವಾ ನದಿಯ ದಂಡೆಯ ಬೆಂಚಿನ ಮೇಲೆ ಕುಳಿತಿದ್ದೆವು.