ಒಂದೇ ಪದ, ಬೇರೆ ಅರ್ಥ: ಬೌದ್ಧ ಧರ್ಮವನ್ನು ಬೇರೆ ಧರ್ಮಗಳ ಜೊತೆ ಹೋಲಿಸುವ ಬಗೆ

ಸೆಮಿನಾರಿಗೋ ಪ್ರಬಂಧಕ್ಕೋ ಧರ್ಮಗಳನ್ನು ಹೋಲಿಸಲು ಕೂತವರು ಮೊದಲು ಹಾಳೆಯಲ್ಲಿ ಗೆರೆ ಎಳೆದು ಸ್ಥಾಪಕ, ಗ್ರಂಥ, ದೇವರು, ಮೋಕ್ಷ ಎಂದು ತಲೆಬರಹ ಹಾಕಿಕೊಳ್ಳುತ್ತಾರೆ. ಕೆಲಸ ಕೆಡುವುದು ಅಲ್ಲೇ. ಈ ತಲೆಬರಹಗಳು ಕ್ರೈಸ್ತ, ಇಸ್ಲಾಂ ಧರ್ಮಗಳಿಗೆ ಸಲೀಸಾಗಿ ಹೊಂದುತ್ತವೆ. ಬೌದ್ಧರ ಕಾಲಮ್ಮಿಗೆ ಬಂದಾಗ ‘ದೇವರು: ಇಲ್ಲ’ ಎಂದು ಬರೆದು ಮುಂದೆ ಹೋಗಬೇಕಾಗುತ್ತದೆ, ಓದುವವರಿಗೆ ಬೌದ್ಧ ಧರ್ಮದಲ್ಲಿ ಏನೋ ಕೊರತೆ ಇದ್ದ ಹಾಗೆ ಕಾಣುತ್ತದೆ.

ಅದರ ಬದಲು ಐದು ಪ್ರಶ್ನೆ ಬರೆದುಕೊಳ್ಳಿ. ಮನುಷ್ಯನ ಮೂಲ ತೊಡಕು ಯಾವುದು? ಅದಕ್ಕೆ ಕಾರಣವೇನು? ತೊಡಕು ತೀರಿದ ಸ್ಥಿತಿ ಎಂಥದ್ದು? ತೀರಿಸಿಕೊಳ್ಳಲು ದಿನವೂ ಏನು ಮಾಡಬೇಕು? ಇದನ್ನೆಲ್ಲ ಹೇಳುವ ಅಧಿಕಾರ ಎಲ್ಲಿಂದ ಬಂತು? ಮೊದಲ ನಾಲ್ಕು ಪ್ರಶ್ನೆಗಳು ಬುದ್ಧನ ನಾಲ್ಕು ಆರ್ಯಸತ್ಯಗಳ (ದುಃಖ, ಅದರ ಕಾರಣ, ಅದರ ಕೊನೆ, ಅಲ್ಲಿಗೆ ಒಯ್ಯುವ ದಾರಿ) ಚೌಕಟ್ಟೇ, ಆದ್ದರಿಂದ ಬೌದ್ಧರ ಕಡೆಗೆ ಸ್ವಲ್ಪ ವಾಲಿವೆ. ಐದನೆಯದು ಆ ವಾಲನ್ನು ಸರಿದೂಗಿಸುತ್ತದೆ: ದೇವರ ಮಾತು, ಪ್ರವಾದಿ, ಅಪೌರುಷೇಯ ವೇದ, ಸರ್ವಜ್ಞನಾದ ತೀರ್ಥಂಕರ, ತಾನೇ ಕಂಡುಕೊಂಡು ಹೇಳಿದ ಬುದ್ಧ, ಎಲ್ಲವೂ ಅಲ್ಲಿ ಬಂದು ನಿಲ್ಲುತ್ತವೆ. ಉತ್ತರ ಸಿಗದ ಮನೆಯನ್ನು ಖಾಲಿ ಬಿಡಿ. ಲೋಕ ಶಾಶ್ವತವೋ ಅಲ್ಲವೋ ಎಂದು ಶಿಷ್ಯ ಮಾಲುಂಕ್ಯಪುತ್ತ ಪಟ್ಟು ಹಿಡಿದು ಕೇಳಿದಾಗ ಬುದ್ಧನೇ ಉತ್ತರಿಸಲಿಲ್ಲ. ನಾವು ಅವನ ಪರವಾಗಿ ತುಂಬಿಸಬೇಕಾಗಿಲ್ಲ.

ಒಮ್ಮೆಗೆ ಎರಡೇ ಧರ್ಮ ತೆಗೆದುಕೊಳ್ಳಿ, ಯಾವ ಬೌದ್ಧ ಧರ್ಮ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಶ್ರೀಲಂಕಾದ ಥೇರವಾದ, ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟನ್ ಪರಂಪರೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಸ್ವೀಕರಿಸಿ ಮರುವ್ಯಾಖ್ಯಾನಿಸಿದ ಬೌದ್ಧ ಧಮ್ಮ, ಮೂರೂ ಪುನರ್ಜನ್ಮದ ಬಗ್ಗೆ ಒಂದೇ ಮಾತು ಹೇಳುವುದಿಲ್ಲ. ಭಿಕ್ಷುವಿನ ನಿಯಮಗಳ ಎಣಿಕೆಯೇ ಥೇರವಾದದಲ್ಲಿ 227, ಟಿಬೆಟನ್ನರಲ್ಲಿ 253. ಕನ್ನಡದವರು ಮೊದಲ ಜೋಡಿಯಾಗಿ ಬೌದ್ಧ–ಜೈನವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಎರಡೂ ಒಂದೇ ಸೀಮೆಯಲ್ಲಿ, ಹತ್ತಿರದ ಕಾಲದಲ್ಲಿ ರೂಪುಗೊಂಡವು. ದೂರದ ಧರ್ಮಗಳ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತದೆ, ಅಕ್ಕಪಕ್ಕದವುಗಳನ್ನು ಬಿಡಿಸಿ ನೋಡುವಾಗ ಕೈ ಪಳಗುತ್ತದೆ.

ಕಾಲದ ಲೆಕ್ಕ

ತಾರೀಖುಗಳನ್ನು ಬೇರೆ ಬೇರೆ ಕಡೆಯಿಂದ ಹೆಕ್ಕಿ ಒಂದೇ ಹಾಳೆಯಲ್ಲಿ ಸೇರಿಸಬೇಡಿ. ಸಿಂಹಳದ ಸಂಪ್ರದಾಯದಂತೆ ಬುದ್ಧನ ಪರಿನಿರ್ವಾಣ ಕ್ರಿ.ಪೂ. 544, 1956ರಲ್ಲಿ 2500ನೇ ಬುದ್ಧ ಜಯಂತಿ ನಡೆದದ್ದು ಆ ಲೆಕ್ಕದ ಮೇಲೆ. ಜೈನ ಸಂಪ್ರದಾಯದಂತೆ ಮಹಾವೀರನ ನಿರ್ವಾಣ ಕ್ರಿ.ಪೂ. 527. ಎರಡನ್ನೂ ಪಕ್ಕಪಕ್ಕ ಬರೆದರೆ ಬುದ್ಧನೇ ಮೊದಲು ತೀರಿಕೊಂಡ ಎಂದಾಗುತ್ತದೆ. ಆದರೆ ಪಾಲಿ ಸುತ್ತಗಳು (ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳು) ನಿಗಂಠ ನಾತಪುತ್ತ, ಅಂದರೆ ಮಹಾವೀರ, ಪಾವಾದಲ್ಲಿ ತೀರಿಕೊಂಡ ಸುದ್ದಿ ಬುದ್ಧನಿಗೆ ತಲುಪಿತು ಎನ್ನುತ್ತವೆ. ಈಚಿನ ಅನೇಕ ವಿದ್ವಾಂಸರು ಬುದ್ಧನ ಕಾಲವನ್ನು ಕ್ರಿ.ಪೂ. 400ರ ಆಸುಪಾಸಿಗೆ ತರುತ್ತಾರೆ. ಆದ್ದರಿಂದ ಪ್ರತಿ ವರ್ಷದ ಮುಂದೆ ‘ಸಂಪ್ರದಾಯ’ ಅಥವಾ ‘ಇತಿಹಾಸಕಾರರು’ ಎಂದು ಗುರುತು ಹಾಕಿ.

ಗಟ್ಟಿ ನೆಲ ಬೇಕೆಂದರೆ ಅಶೋಕನ ಶಾಸನಗಳಿವೆ. ಲುಂಬಿನಿಯ ಕಂಬ ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದ ಎನ್ನುತ್ತದೆ. ಏಳನೆಯ ಸ್ತಂಭಶಾಸನ ಬೌದ್ಧ ಸಂಘ, ಬ್ರಾಹ್ಮಣರು, ಆಜೀವಕರು (ಆ ಕಾಲದ ಇನ್ನೊಂದು ಸಂನ್ಯಾಸಿ ಪಂಥ), ನಿಗಂಠರು (ಜೈನರು) ನಾಲ್ವರನ್ನೂ ಹೆಸರಿಸುತ್ತದೆ. ಎಲ್ಲವೂ ಕ್ರಿ.ಪೂ. 3ನೇ ಶತಮಾನದ ಬರಹ. ನಮ್ಮ ಮಸ್ಕಿಯ ಶಾಸನದಲ್ಲಂತೂ ಅಶೋಕ ಎಂಬ ಹೆಸರೇ ಇದೆ.

ಗುರುವಿನ ಕಾಲಕ್ಕೂ ಗ್ರಂಥ ಬರಹಕ್ಕೆ ಇಳಿದ ಕಾಲಕ್ಕೂ ಇರುವ ಅಂತರವನ್ನೂ ಬರೆಯಿರಿ. ಬೌದ್ಧರ ಮೂಲ ಗ್ರಂಥಗಳಾದ ಪಾಲಿ ತ್ರಿಪಿಟಕ ಶ್ರೀಲಂಕಾದಲ್ಲಿ ಓಲೆಗೆ ಇಳಿದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ. ಜೈನರ ಶ್ವೇತಾಂಬರ ಪಂಗಡದ ಆಗಮಗಳು (ಧರ್ಮಗ್ರಂಥಗಳು) ಗುಜರಾತಿನ ವಲಭಿಯಲ್ಲಿ ಈಗಿನ ರೂಪ ಪಡೆದದ್ದು ಕ್ರಿ.ಶ. 5ನೇ ಶತಮಾನದಲ್ಲಿ. ದಿಗಂಬರರು ಅವನ್ನು ಒಪ್ಪುವುದಿಲ್ಲ. ಅವರ ಷಟ್ಖಂಡಾಗಮದ ತಾಳೆಯೋಲೆಗಳು ಹಳೆಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದು ಬಂದವು. ಕುರ್‌ಆನ್ ಸಂಪುಟವಾದದ್ದು ಪ್ರವಾದಿಯವರು ತೀರಿಕೊಂಡ 632ರಿಂದ ಸುಮಾರು ಇಪ್ಪತ್ತು ವರ್ಷದೊಳಗೆ. ಅಂತರ ದೊಡ್ಡದೆಂದು ಯಾರಿಗೂ ಅಂಕ ಕಳೆಯಬೇಡಿ. ಬಾಯಿಪಾಠದ ಪರಂಪರೆಗೆ ಅದರದೇ ಶಿಸ್ತು ಇರುತ್ತದೆ.

ಪದಗಳನ್ನು ಬಿಡಿಸುವುದು

ಅರ್ಧಕ್ಕರ್ಧ ಸಮಯವನ್ನು ಇದಕ್ಕೇ ಇಡಿ. ‘ತ್ರಿರತ್ನ’ ಬೌದ್ಧ, ಜೈನ ಎರಡೂ ಕಡೆ ಇದೆ. ಬೌದ್ಧರಿಗೆ ಅದು ಬುದ್ಧ, ಧಮ್ಮ, ಸಂಘ, ಶರಣು ಹೋಗುವ ಮೂರು ನೆಲೆ. ಜೈನರ ರತ್ನತ್ರಯ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ ಚಾರಿತ್ರ, ನಡೆಯಬೇಕಾದ ದಾರಿ. ಬೌದ್ಧರಲ್ಲಿ ಇದಕ್ಕೆ ಸರಿಯಾದ ಜೋಡಿ ಅಷ್ಟಾಂಗ ಮಾರ್ಗ. ಹೆಸರು ಕೂಡಿತೆಂದು ತ್ರಿರತ್ನದ ಎದುರು ರತ್ನತ್ರಯ ಇಟ್ಟರೆ ಇಡೀ ಸಾಲು ತಪ್ಪುತ್ತದೆ.

ಐದು ವ್ರತಗಳನ್ನು ಒಂದೊಂದಾಗಿ ಬರೆಯಿರಿ. ಕೊಲ್ಲದಿರುವುದು, ಕದಿಯದಿರುವುದು, ಸುಳ್ಳಾಡದಿರುವುದು, ಕಾಮದಲ್ಲಿ ಸಂಯಮ, ನಾಲ್ಕೂ ಎರಡೂ ಕಡೆ ಇವೆ. ಉಳಿದ ಒಂದು ಜೈನರಲ್ಲಿ ಅಪರಿಗ್ರಹ, ಬೌದ್ಧ ಪಂಚಶೀಲದಲ್ಲಿ ಅಮಲಿನಿಂದ ದೂರವಿರುವುದು. ಕೂಡಿಟ್ಟ ವಸ್ತು ಜೀವವನ್ನು ಕಟ್ಟಿಹಾಕುತ್ತದೆ ಎಂಬುದು ಒಬ್ಬರ ಆತಂಕ, ಎಚ್ಚರ ತಪ್ಪಿದ ಮನಸ್ಸು ಉಳಿದ ನಾಲ್ಕನ್ನೂ ಮುರಿಯುತ್ತದೆ ಎಂಬುದು ಇನ್ನೊಬ್ಬರದು.

ಕರ್ಮದ ವಿಷಯದಲ್ಲಿ ಇನ್ನೂ ನಿಧಾನಿಸಿ. ಬುದ್ಧ ಚೇತನೆಯನ್ನೇ, ಅಂದರೆ ಸಂಕಲ್ಪವನ್ನೇ, ಕರ್ಮ ಎಂದ. ಜೈನರಿಗೆ ಕರ್ಮ ಸೂಕ್ಷ್ಮವಾದ ಪುದ್ಗಲ, ಅಂದರೆ ಜಡದ್ರವ್ಯ. ಕಷಾಯದ, ಅಂದರೆ ಕೋಪ, ಲೋಭದಂಥ ಭಾವಗಳ, ಜಿಗುಟಿದ್ದಲ್ಲಿ ಜೀವಕ್ಕೆ ಅಂಟುವ ವಸ್ತು. ಪಾಲಿಯ ಉಪಾಲಿ ಸುತ್ತದಲ್ಲಿ ನಿಗಂಠರು ಮನಸ್ಸಿಗಿಂತ ದೇಹದ ಕ್ರಿಯೆಯೇ ದೊಡ್ಡದು ಎನ್ನುತ್ತಾರೆ, ಬುದ್ಧ ಮನಸ್ಸೇ ದೊಡ್ಡದು ಎನ್ನುತ್ತಾನೆ. ಇಷ್ಟನ್ನೇ ಓದಿದವರು ‘ಜೈನರು ಉದ್ದೇಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಶ್ವೇತಾಂಬರ, ದಿಗಂಬರ ಎರಡೂ ಪಂಗಡ ಒಪ್ಪುವ ತತ್ತ್ವಾರ್ಥಸೂತ್ರ ಪ್ರಮಾದದಿಂದ, ಅಂದರೆ ಮನಸ್ಸಿನ ಎಚ್ಚರಗೇಡಿತನದಿಂದ, ಪ್ರಾಣ ಕಳೆಯುವುದನ್ನೇ ಹಿಂಸೆ ಎನ್ನುತ್ತದೆ. ಒಬ್ಬರ ನಂಬಿಕೆಯನ್ನು ಅವರ ಎದುರಾಳಿಯ ಗ್ರಂಥದಿಂದ ಎತ್ತಿಕೊಂಡರೆ ಹೀಗಾಗುತ್ತದೆ. ಬುದ್ಧ ವಿಷ್ಣುವಿನ ಅವತಾರ ಎಂಬ ಮಾತೂ ಹಾಗೆಯೇ: ಅದು ಪುರಾಣಗಳ ಮಾತು, ವೈಷ್ಣವರ ಕಾಲಮ್ಮಿಗೆ ಸೇರಬೇಕು.

ಆತ್ಮದ ಸಾಲಿನಲ್ಲಿ ಉಪನಿಷತ್ತನ್ನೂ ಸೇರಿಸಿಕೊಳ್ಳಬಹುದು. ಆತ್ಮವೇ ಬ್ರಹ್ಮ ಎಂಬುದು ಅಲ್ಲಿಯ ಮಾತು, ಜೀವಗಳು ಅನಂತ ಎಂಬುದು ಜೈನರದು, ಐದು ಸ್ಕಂಧಗಳಲ್ಲಿ (ಮನುಷ್ಯನನ್ನು ರೂಪಿಸುವ ದೇಹ, ಮನಸ್ಸಿನ ಐದು ಅಂಶಗಳಲ್ಲಿ) ಎಲ್ಲೂ ಆತ್ಮ ಸಿಗದು ಎಂಬುದು ಬೌದ್ಧರದು.

ದೇವರ ಪ್ರಶ್ನೆಗೆ ಬಂದರೆ, ‘ನಾಸ್ತಿಕ’ ಎಂಬ ಪದ ಬಳಸಬೇಡಿ. ಬೌದ್ಧ ಗ್ರಂಥಗಳಲ್ಲಿ ದೇವತೆಗಳು ತುಂಬಿದ್ದಾರೆ, ಬೋಧಿಸು ಎಂದು ಬುದ್ಧನನ್ನು ಬೇಡಿದವನೇ ಬ್ರಹ್ಮ ಸಹಂಪತಿ. ಇಲ್ಲದಿರುವುದು ಲೋಕವನ್ನು ಸೃಷ್ಟಿಸಿ ತೀರ್ಪು ಕೊಡುವ ಒಡೆಯ. ಜೈನರಲ್ಲೂ ಅವನಿಲ್ಲ. ಕ್ರೈಸ್ತ, ಇಸ್ಲಾಂ ಧರ್ಮಗಳಲ್ಲಿ ಅವನೇ ಕೇಂದ್ರ; ಬದುಕು ಒಂದೇ, ಆಮೇಲೆ ಪುನರುತ್ಥಾನ ಮತ್ತು ತೀರ್ಪು. ಹಾಗಾಗಿ ಕನ್ನಡ ಬೈಬಲಿನ ‘ರಕ್ಷಣೆ’ಯನ್ನು ನಿರ್ವಾಣದ ಎದುರು ಇಡುವಾಗ, ಒಂದು ದೇವರ ಕೃಪೆ, ಇನ್ನೊಂದು ರಾಗ, ದ್ವೇಷ, ಮೋಹ ಆರಿಹೋಗುವುದು ಎಂದು ಪಕ್ಕದಲ್ಲೇ ಬರೆಯಿರಿ.

ವಸ್ತುಗಳನ್ನು ನೋಡಿ

ಗ್ರಂಥದಲ್ಲಿ ಮಸುಕಾದದ್ದು ಸಂನ್ಯಾಸಿಯ ಕೈಯಲ್ಲಿರುವ ವಸ್ತುವಿನಲ್ಲಿ ನಿಚ್ಚಳವಾಗುತ್ತದೆ. ದಿಗಂಬರ ಮುನಿಯ ಬಳಿ ನವಿಲುಗರಿಯ ಪಿಂಛಿ, ಕಮಂಡಲು. ಕೂರುವ ಮುನ್ನ ಪಿಂಛಿಯಿಂದ ನೆಲ ಸವರಿ ಹುಳುಹುಪ್ಪಟೆ ಸರಿಸುತ್ತಾರೆ, ದಿನಕ್ಕೊಮ್ಮೆ ನಿಂತು ಕೈಯಲ್ಲೇ ಉಣ್ಣುತ್ತಾರೆ. ಥೇರವಾದ ಭಿಕ್ಷುವಿನ ಎಂಟು ಪರಿಷ್ಕಾರಗಳು, ಅಂದರೆ ಇಟ್ಟುಕೊಳ್ಳಬಹುದಾದ ವಸ್ತುಗಳು, ಮೂರು ಚೀವರ (ಉಡುವ ಹೊದೆಯುವ ಬಟ್ಟೆ), ಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ ಮತ್ತು ನೀರು ಸೋಸುವ ಬಟ್ಟೆ. ಆ ಸೋಸುಬಟ್ಟೆ ಇರುವುದೂ ನೀರಿನ ಜೀವಿಗಳಿಗಾಗಿಯೇ. ಅಹಿಂಸೆ ಇಬ್ಬರದೂ. ಆದರೂ ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಅನುಮಾನಿಸದ ಮಾಂಸ ಭಿಕ್ಷಾಪಾತ್ರೆಗೆ ಬಿದ್ದರೆ ವಿನಯ, ಅಂದರೆ ಭಿಕ್ಷುಗಳ ನಿಯಮಾವಳಿ, ಅದನ್ನು ತಡೆಯುವುದಿಲ್ಲ. ಜೈನ ಮುನಿಗೆ ಅದು ಊಹೆಗೂ ನಿಲುಕದ್ದು. ಚೇತನೆ ಮತ್ತು ಪುದ್ಗಲದ ವ್ಯತ್ಯಾಸ ಊಟದಲ್ಲಿ ತೋರುವುದು ಹೀಗೆ.

ಹಾಳೆ ಮುಗಿದ ಮೇಲೆ ಆಯಾ ಧರ್ಮವನ್ನು ಪಾಲಿಸುವವರಿಗೆ ಅವರ ಕಾಲಮ್ಮನ್ನು ಓದಿ ಹೇಳಿ, ‘ಇದು ನಮ್ಮದೇ’ ಎನ್ನುವವರೆಗೆ ತಿದ್ದಿ. ಇದಕ್ಕೆ ಮಳೆಗಾಲ ಅನುಕೂಲ. ಜೈನ ಮುನಿಗಳು ಚಾತುರ್ಮಾಸದ ನಾಲ್ಕು ತಿಂಗಳು, ಭಿಕ್ಷುಗಳು ವರ್ಷಾವಾಸದ ಮೂರು ತಿಂಗಳು ಒಂದೆಡೆ ನೆಲೆ ನಿಂತಿರುತ್ತಾರೆ. ಭಿಕ್ಷುಗಳು ಮಳೆಯಲ್ಲಿ ಹಸಿರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿದು ತಿರುಗುತ್ತಾರೆ, ಬೇರೆ ಪಂಥದವರು ಹಾಗೆ ಮಾಡುವುದಿಲ್ಲ ಎಂದು ಜನ ದೂರಿದ ಮೇಲೆ ಬುದ್ಧ ಆ ನಿಯಮ ಮಾಡಿದ ಎಂದು ವಿನಯಪಿಟಕ ಹೇಳುತ್ತದೆ.